ಹಿತ್ತಲ ಬಾಗಿಲಿಲ್ಲದ ಮನೆ

“ನಿಮ್ಮ ಮನೀಗೆ ಹಿತ್ತಲ ಬಾಗಲಾ ಐತೇನವ್ವಾ?”

ಕೇಳಿದವಳು ಹಳೆ ಕಟ್ಟಿಗೆಯ ರಾಶಿಯ ನೆರಳಲ್ಲಿ ಕುಳಿತಿದ್ದ ಮುದುಕಿ. ದನಿ ಒಡೆದಿತ್ತು. ಅರ್ಧ ಮಾತು, ಅರ್ಧ ಗಾಳಿ. ಮೀನಾಕ್ಷಿಗೆ ನಗು ಬಂತು.

“ಏಳನೇ ಅಂತಸ್ತಿನ್ಯಾಗ ಹಿತ್ತಲಾ ಎಲ್ಲಿಂದ ತರೂದು ಅಜ್ಜಿ? ಹಿಂದ ಬರೇ ಗಾಳಿ ಐತಿ.”

“ಹಂಗಾರ ಆ ಹೊಸ್ತಲಾ ಒಯ್ಯಬ್ಯಾಡ.”

ಹೊಸ್ತಿಲು ಅವರಿಬ್ಬರ ನಡುವೆ ಮಣ್ಣಿನಲ್ಲಿ ಬಿದ್ದಿತ್ತು. ಮತ್ತಿಮರದ್ದು. ನಾಲ್ಕು ಬೆರಳು ಎತ್ತರ. ಎಷ್ಟೋ ವರ್ಷಗಳ ಅರಿಶಿನ, ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಅದರ ಮೇಲ್ಮೈಗೆ ಒಂದೇ ಸಾಲಿನಲ್ಲಿ ಐದು ಮೊಳೆಗಳನ್ನು ಬಡಿಯಲಾಗಿತ್ತು; ಅಂಗಡಿಯಲ್ಲಿ ಸಿಗುವಂಥವಲ್ಲ, ಕಮ್ಮಾರನ ಕುಲುಮೆಯಲ್ಲಿ ಕಾದು ಹುಟ್ಟಿದ, ಚೌಕ ತಲೆಯವು.

ಮೀನಾಕ್ಷಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಬ್ಯಾಡಗಿಯ ಬಾಡಿಗೆ ಮನೆ ಬಿಟ್ಟು ರಾಣೇಬೆನ್ನೂರಿಗೆ ಬರಲು ಅವಳೂ ಗಂಡ ಪ್ರೇಮಕುಮಾರನೂ ಮೂರು ತಿಂಗಳಿಂದ ತಯಾರಿ ನಡೆಸಿದ್ದರು. ಕಾರಣ ಮಗಳು ಸನ್ನಿಧಿ. ಐದು ವರ್ಷದ ಹುಡುಗಿ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಬ್ಯಾಡಗಿಯ ಗಾಳಿಯ ಘಾಟು ಅವಳ ಗಂಟಲಿಗೆ ಆಗುತ್ತಿರಲಿಲ್ಲ. ಡಿಸೆಂಬರದಿಂದ ಹೋಳಿ ಹುಣ್ಣಿಮೆಯ ತನಕ ಕೆಮ್ಮಿ ಕೆಮ್ಮಿ ಮಗು ಬಾಡುತ್ತಿತ್ತು. ಹಲಗೇರಿ ರಸ್ತೆಯಲ್ಲಿ ಎದ್ದ ಒಂಬತ್ತು ಅಂತಸ್ತಿನ ಕಟ್ಟಡದ ಏಳನೆಯದರಲ್ಲಿ ಗಾಳಿ ತೊಳೆದಿಟ್ಟ ಹಾಗಿತ್ತು. ಮನೆ ತೋರಿಸಿದ ಎಂಜಿನಿಯರ್ ಗೋಡೆಗಳನ್ನು ಗುದ್ದಿ ಗುದ್ದಿ ಹೆಮ್ಮೆಪಟ್ಟಿದ್ದ. ಇಡೀ ಕಟ್ಟಡದಲ್ಲಿ ಒಂದು ಇಟ್ಟಿಗೆ ಇಲ್ಲ, ಎಲ್ಲ ಗೋಡೆಯೂ ಕಾಂಕ್ರೀಟು, ಕ್ಯಾಲೆಂಡರ್ ತೂಗುಹಾಕಲು ಒಂದು ಮೊಳೆಯೂ ಇಳಿಯುವುದಿಲ್ಲ ಅಂದಿದ್ದ.

ಆ ಮನೆಗೆ ಹೊಸ್ತಿಲೂ ಇರಲಿಲ್ಲ. ಬಾಗಿಲ ಬುಡದಲ್ಲಿ ನುಣುಪಾದ ಗ್ರಾನೈಟ್ ಪಟ್ಟಿ ಅಷ್ಟೆ. ಮೀನಾಕ್ಷಿಗೆ ದೇವರು ದಿಂಡರ ಗೀಳಿಲ್ಲ, ಆದರೆ ಹಳೆಯ ಮರದ ಚಂದ ಬೇಕಿತ್ತು. ಹಾಗಾಗಿ ಮೆಹಬೂಬನ ಅಡ್ಡೆಗೆ ಬಂದಿದ್ದಳು. ಬಿದ್ದ ಮನೆಗಳ ಬಾಗಿಲು, ಕಂಬ, ತೊಲೆ ಕೊಂಡು ಮಾರುವವನು ಮೆಹಬೂಬ. ಅವನ ಮಗಳು ಬೇನಜೀರ ಅವಳ ವಿದ್ಯಾರ್ಥಿನಿ.

ಮುದುಕಿಯ ಹೆಸರು ಉಚ್ಚಂಗೆವ್ವ, ಕುಪ್ಪೇಲೂರಿನವಳು ಎಂದು ಅವನೇ ಹೇಳಿದ. ರಸ್ತೆ ಅಗಲ ಮಾಡುವಾಗ ಅವಳ ಮನೆಯ ಮುಂಭಾಗ ಹೋಯಿತು. ಅವಳ ಮೈದುನನ ಮಗ ಯಾರನ್ನೂ ಕೇಳದೆ ಬಾಗಿಲು, ಚೌಕಟ್ಟು, ಹೊಸ್ತಿಲು ಎಲ್ಲ ತಂದು ಇಲ್ಲಿ ಹಾಕಿದ. ಅಂದಿನಿಂದ ಮುದುಕಿ ದಿನಾ ಮೊದಲ ಬಸ್ಸಿಗೆ ಬಂದು ಈ ಹೊಸ್ತಿಲಿನ ಪಕ್ಕ ಕೂರುತ್ತಾಳೆ. ಮೊಳೆ ಸಮೇತ ತುಂಗಭದ್ರೆಗೆ ಬಿಟ್ಟುಬಾ ಅನ್ನುತ್ತಾಳೆ. ಬರುವ ವಾರ ಗುತ್ತಲದ ಕಡೆ ಟೆಂಪೊ ಹೋಗುವುದಿತ್ತು, ಹೊಳೆಗೆ ಬಿಡೋಣ ಎಂದು ಅವನೂ ಒಪ್ಪಿದ್ದ.

“ಹೊಳೀಗೆ ಬಿಡೂದಕ್ಕಿಂತ ನನಗ ಕೊಡ್ರಿ,” ಅಂದಳು ಮೀನಾಕ್ಷಿ.

ಮೆಹಬೂಬ ಮುದುಕಿಯ ಕಡೆ ನೋಡಿದ. ಮಗಳ ಮೇಡಂ ಕಡೆ ನೋಡಿದ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ.

“ನಿಮಗ ಇಲ್ಲಾ ಅನ್ನಾಕ ಆಗಂಗಿಲ್ರಿ ಮೇಡಂ. ನಾನ ಬಂದು ಕೂಡ್ಸಿ ಕೊಡ್ತೇನಿ. ಆದ್ರ ಮೊಳಿ ಕೀಳಾಂವ ನಾನಲ್ಲ. ನೀವೂ ಕೀಳಬ್ಯಾಡ್ರಿ.”

“ಕಿತ್ತರ ಏನಾಕೈತಿ?”

ಉತ್ತರ ಕೊಟ್ಟವಳು ಉಚ್ಚಂಗೆವ್ವ. “ಏಳತೈತಿ,” ಅಂದಳು. ಏನು ಏಳುತ್ತದೆ ಅಂತ ಹೇಳಲಿಲ್ಲ. ಎರಡು ಬೆರಳನ್ನು ತನ್ನ ಗಂಟಲಿನ ಮೇಲಿಟ್ಟುಕೊಂಡಳು.

“ತುಕ್ಕು ಏಳತೈತಿ ಅಜ್ಜಿ, ಮತ್ತೇನಿಲ್ಲ,” ಅಂದಳು ಮೀನಾಕ್ಷಿ. ಗೇಟು ದಾಟುವವರೆಗೂ ಅವಳ ಬೆನ್ನಿಗೆ ಆ ನೋಟ ಅಂಟಿಕೊಂಡೇ ಇತ್ತು.

ಮೆಹಬೂಬ ಹೊಸ್ತಿಲನ್ನು ಚೆನ್ನಾಗಿಯೇ ಕೂರಿಸಿಕೊಟ್ಟ. ಕೆಲಸ ಮುಗಿಸಿ ಚಹಾ ಕೂಡ ಕುಡಿಯದೆ ಹೋದ. ಗೃಹಪ್ರವೇಶದ ಹಿಂದಿನ ದಿನ ಸಾಮಾನು ಜೋಡಿಸುವಾಗ, ಬರಿಗಾಲಲ್ಲಿ ಒಳಹೊರಗೆ ಓಡುತ್ತಿದ್ದ ಸನ್ನಿಧಿಯ ಹಿಮ್ಮಡಿಗೆ ಒಂದು ಮೊಳೆ ತಾಗಿತು. ರಕ್ತದ ಒಂದು ಹನಿ ಮರದ ಮೇಲೆ ಬಿತ್ತು. ಮೀನಾಕ್ಷಿ ಬಟ್ಟೆ ತಂದು ಒರೆಸಲು ಬಗ್ಗುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ಹಳೆ ಮರ, ಹೀರಿಕೊಂಡಿರಬೇಕು.

ಅವಳು ಇಕ್ಕಳ ತಂದು ಕುಳಿತಳು. ನಾಲ್ಕು ಮೊಳೆ ಕಿರುಗುಟ್ಟುತ್ತ ಬಂದವು. ಐದನೆಯದು ಕಿರುಗುಟ್ಟಲಿಲ್ಲ. ಬೆಣ್ಣೆಯೊಳಗಿಂದ ಬಂದ ಹಾಗೆ ಸದ್ದಿಲ್ಲದೆ ಮೇಲೆ ಬಂತು. ಅದಕ್ಕೆ ಒಂದು ಉದ್ದನೆ ಕೂದಲು ಸುತ್ತಿಕೊಂಡಿತ್ತು. ಕಪ್ಪು ಕೂದಲು. ನಿನ್ನೆ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ತೂತಿನಿಂದ ಹಸಿ ಮಣ್ಣಿನ ವಾಸನೆ ಬಂತು, ಆಗಷ್ಟೇ ತೋಡಿದ ಕುಣಿಯಿಂದ ಬರುವಂಥದ್ದು. ಏಳು ಅಂತಸ್ತು ಕೆಳಗಿನ ತನಕ ಎಲ್ಲೂ ಮಣ್ಣಿರಲಿಲ್ಲ. ಅವಳು ಕೂದಲನ್ನು ಬಾಲ್ಕನಿಯಿಂದ ಗಾಳಿಗೆ ಬಿಟ್ಟಳು. ಕಾಲೇಜಿನಲ್ಲಿ ತುಕ್ಕು ತೋರಿಸಲು ಬಂದಾವು ಎಂದು ಮೊಳೆಗಳನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟಳು.

ಮರುದಿನ ಶುಕ್ರವಾರ. ಒಲೆಯ ಮೇಲೆ ಹಾಲು ಉಕ್ಕಿತು. ಬೆಂಕಿಯ ಮೇಲೆ ಬಿದ್ದ ಹಾಲು ಚುರ್ ಅನ್ನಲಿಲ್ಲ. ನೆಂಟರು ಗದ್ದಲದಲ್ಲಿದ್ದರು, ಯಾರೂ ಗಮನಿಸಲಿಲ್ಲ. ಮೀನಾಕ್ಷಿ ಗಮನಿಸಿದಳು. ಸುಟ್ಟ ಹಾಲಿನ ವಾಸನೆ ಬಂತು, ಹೊಗೆ ಬಂತು. ಸದ್ದು ಮಾತ್ರ ಬರಲಿಲ್ಲ.

ರವಿವಾರ ಸನ್ನಿಧಿ ಕೋಣೆಯಿಂದ ಕೋಣೆಗೆ ಓಡುತ್ತಿದ್ದಳು. ತರಕಾರಿ ಹೆಚ್ಚುತ್ತಿದ್ದ ಮೀನಾಕ್ಷಿಯ ಕೈ ತನ್ನಷ್ಟಕ್ಕೆ ನಿಂತಿತು. ಮಗಳ ಕಾಲಲ್ಲಿ ಬೆಳ್ಳಿ ಗೆಜ್ಜೆ ಇದ್ದವು, ಕುಣಿಯುತ್ತಿದ್ದವು. ಕೇಳುತ್ತಿರಲಿಲ್ಲ. ಅವಳು ಮಗುವನ್ನು ಹಿಡಿದು ನಿಲ್ಲಿಸಿ, ಗೆಜ್ಜೆ ಬಿಚ್ಚಿ, ತನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಝಣಝಣ ಅಂದವು. ಮಗುವಿನ ಕಾಲಿಗೆ ಕಟ್ಟಿದಳು. ಮೌನ. ಸದ್ದು ಹೇಗೆ ಹುಟ್ಟುತ್ತದೆ, ಹೇಗೆ ಹರಿಯುತ್ತದೆ ಎಂದು ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದವಳು ಅವಳು.

ಮಂಗಳವಾರ ಬೆಳಿಗ್ಗೆ ಸನ್ನಿಧಿ ಬಾಯಿ ತೆರೆದು ಏನೋ ಕೇಳಿದಳು. ತುಟಿ ಆಡಿದವು. ಮಾತು ಬರಲಿಲ್ಲ. ತಾನು ಮಾತಾಡುತ್ತಿದ್ದೇನೆ, ಮಮ್ಮಿ ಯಾಕೆ ಉತ್ತರ ಕೊಡುತ್ತಿಲ್ಲ ಎಂದು ಮಗುವಿಗೆ ಸಿಟ್ಟು ಬಂತು, ಅತ್ತಿತು. ಆ ಅಳುವಿಗೂ ದನಿ ಇರಲಿಲ್ಲ.

ಹಾವೇರಿಯ ಡಾಕ್ಟರು ಗಂಟಲಿಗೆ ದೀಪ ಹಾಕಿ ನೋಡಿ ಎಲ್ಲ ಸರಿ ಇದೆ ಎಂದರು. ಒಂದು ರಾತ್ರಿ ಅಲ್ಲೇ ಇಟ್ಟುಕೊಂಡರು. ಊರು ಬದಲಾದರೂ ದನಿ ಮರಳಲಿಲ್ಲ. ಪ್ರೇಮಕುಮಾರ ಬೀಜದ ಕಂಪನಿಯಲ್ಲಿ ಕೆಲಸ ಮಾಡುವ ಮೆತ್ತಗಿನ ಮನುಷ್ಯ. ಅವನು ಅಂದು ಮೊದಲ ಸಲ ಹೆಂಡತಿಯನ್ನು ಕೇಳದೆ ನಿರ್ಧಾರ ಮಾಡಿದ. ಈ ಮನೆ ಬೇಡ, ರವಿವಾರ ಬ್ಯಾಡಗಿಗೆ ವಾಪಸು ಹೋಗೋಣ ಎಂದು ಲಾರಿ ಗೊತ್ತುಮಾಡಿದ. ಬಿಚ್ಚಿದ ಡಬ್ಬಗಳನ್ನು ಮತ್ತೆ ಕಟ್ಟತೊಡಗಿದ.

ಗುರುವಾರ ಮಧ್ಯಾಹ್ನ ಮೀನಾಕ್ಷಿ ಕುಪ್ಪೇಲೂರಿನ ಬಸ್ಸು ಹತ್ತಿದಳು.

ಉಚ್ಚಂಗೆವ್ವನ ಮನೆಗೆ ಮುಖವೇ ಇರಲಿಲ್ಲ. ರಸ್ತೆ ತಿಂದ ಜಾಗಕ್ಕೆ ತಾಡಪಾಲು ಕಟ್ಟಿದ್ದರು. ಸುತ್ತಿ ಹೋಗಿ ಹಿತ್ತಲ ಬಾಗಿಲಿನಿಂದ ಒಳಗೆ ಬಗ್ಗಿದಳು. ಕತ್ತಲು. ಹರಳೆಣ್ಣೆಯ ಕಮಟು. ಮುದುಕಿ ಚಾಪೆಗೆ ಅಂಟಿ ಮಲಗಿದ್ದಳು. ಬಂದವಳನ್ನು ನೋಡಿ ಬಯ್ಯಲಿಲ್ಲ.

“ಕಿತ್ತಿ,” ಅಂದಳು ಅಷ್ಟೆ.

ದನಿ ಎಂಬುದು ಉಳಿದಿರಲಿಲ್ಲ. ಮೀನಾಕ್ಷಿ ಕಿವಿಯನ್ನು ಆ ತುಟಿಗೆ ಒತ್ತಿ ಕೇಳಿಸಿಕೊಂಡಳು. ನಲವತ್ತು ವರ್ಷದ ಹಿಂದಿನ ಮಾತು. ಆಗದವರು ಮಾಟ ಮಾಡಿಸಿ ಒಂದನ್ನು ಈ ಮನೆಗೆ ಕಳಿಸಿದ್ದರು. ಅದಕ್ಕೆ ರೂಪವಿಲ್ಲ. ಅದು ಮಕ್ಕಳ ಸದ್ದು ತಿನ್ನುತ್ತದೆ. ಮೊದಲು ಕಾಲಿನದು, ಆಮೇಲೆ ಬಾಯಿಯದು, ಕೊನೆಗೆ ಉಸಿರಿನದು. ಉಚ್ಚಂಗೆವ್ವನ ಮಗಳು ಆಗ ನಾಲ್ಕು ವರ್ಷದವಳು. ತಿರುಗಿ ಕಳಿಸಲು ಮಂತ್ರಗಾರನಿಗೂ ಆಗಲಿಲ್ಲ. ಹೊಸ್ತಿಲಲ್ಲಿ ಹೂಳುವ ದಾರಿ ಒಂದೇ ಅಂದ. ಅದನ್ನು ತಾಯಿಯೇ ಮಾಡಬೇಕು ಅಂದ.

“ಮಗಾ ಹೊರಗ ಇರ್ಬೇಕು. ನೀ ಒಳಗ. ಒಂದೊಂದು ಮೊಳಿಗೆ ನಿನ್ನ ಹೆಸರು ಹೇಳು. ಕಡೀ ಮೊಳಿಗೆ ನಿನ್ನ ಕೂದಲಾ ಸುತ್ತು.”

“ಅಷ್ಟ ಮಾಡಿದ್ರ ಸಾಕಾ ಅಜ್ಜಿ?”

“ನನ್ನ ಮಗಳು ಗುತ್ತಲದಾಗ ಅದಾಳ. ಚೊಲೊ ಹಾಡತಾಳ.”

ಆ ಮುಖದಲ್ಲಿ ಒಂದು ಕ್ಷಣ ಏನೋ ಬೆಳಗಿತು. ಮರುಕ್ಷಣ ಮುದುಕಿ ಮೀನಾಕ್ಷಿಯ ಮಣಿಕಟ್ಟು ಹಿಡಿದಳು. ಇನ್ನೂ ಒಂದು ಮಾತಿತ್ತು. ಬಾಯಿ ತೆರೆದಳು. ಗಾಳಿ ಕೂಡ ಬರಲಿಲ್ಲ. ಕೈಯೆತ್ತಿ ಹಿತ್ತಲ ಬಾಗಿಲ ಕಡೆ ತೋರಿಸಿದಳು, ಮತ್ತೆ ಮತ್ತೆ ತೋರಿಸಿದಳು. ಹೊರಗೆ, ಹಿತ್ತಲ ಬಾಗಿಲಿನಿಂದ ಮನೆಯ ಗೋಡೆಗುಂಟ ಮುಂಭಾಗದ ತನಕ ಒಂದು ಕಾಲುದಾರಿ ಸವೆದಿತ್ತು. ಗೇಣುದ್ದ ಆಳಕ್ಕೆ ಇಳಿದ ದಾರಿ. ಒಂದೇ ಒಂದು ಜೋಡಿ ಪಾದ ವರ್ಷಗಟ್ಟಲೆ ತುಳಿದದ್ದು. ಮೀನಾಕ್ಷಿ ನೋಡಿದಳು. ಅರ್ಥವಾಗಲಿಲ್ಲ. ಅಷ್ಟರಲ್ಲಿ ಫೋನು ಬಂತು.

“ಲಗೂ ಬಾ ಮೀನಾ,” ಪ್ರೇಮಕುಮಾರನ ದನಿ. “ಎದಿ ಆಡತೈತಿ. ಉಸುರು ಕೇಳವಲ್ದು.”

ದೀಪ ಹಚ್ಚುವ ಹೊತ್ತಿಗೆ ಅವಳು ಕಟ್ಟಡ ಮುಟ್ಟಿದಳು. ಕರೆಂಟು ಹೋಗಿತ್ತು. ಲಿಫ್ಟು ನಿಂತಿತ್ತು. ಮೆಟ್ಟಿಲು ಹತ್ತಿದಳು. ಮೊದಲ ಅಂತಸ್ತಿನಲ್ಲಿ ತನ್ನ ಚಪ್ಪಲಿಯ ಸದ್ದು ಕೇಳುತ್ತಿತ್ತು. ಐದನೆಯದರಲ್ಲಿ ಸಣ್ಣದಾಯಿತು. ಆರನೆಯದರಲ್ಲಿ ಇಲ್ಲ. ಏಳನೆಯದರ ಕಾರಿಡಾರಿನಲ್ಲಿ ಕತ್ತಲು ದಟ್ಟವಾಗಿ ನಿಂತಿತ್ತು, ಹಸಿ ಮಣ್ಣು ನಾರುತ್ತಿತ್ತು.

ಬಾಗಿಲು ತೆರೆದೇ ಇತ್ತು. ಪ್ರೇಮಕುಮಾರನ ಮಡಿಲಲ್ಲಿ ಮಗು. ಮೊಬೈಲಿನ ಬೆಳಕಿನಲ್ಲಿ ತುಟಿ ನೀಲಿ. ಅವನು ಏನೋ ಕೂಗಿದ. ಬಾಯಿ ಮಾತ್ರ ಆಡಿತು. ಅವಳು ಇಬ್ಬರನ್ನೂ ಹೊರಗೆ ದೂಡಿದಳು. ತಾನು ಒಳಗೆ ಉಳಿದಳು.

ಕಂಪಾಸ್ ಪೆಟ್ಟಿಗೆ. ಸುತ್ತಿಗೆ. ಮೊಣಕಾಲೂರಿದಳು.

ತೂತುಗಳು ಬೆಚ್ಚಗಿದ್ದವು. ಒಳಗಿಂದ ಗಾಳಿ ಬರುತ್ತಿತ್ತು, ಹೋಗುತ್ತಿತ್ತು. ಉಸಿರಿನ ಹಾಗೆ. ಮಗಳ ಉಸಿರಿನ ಲಯದಲ್ಲೇ.

ಮೊದಲ ಮೊಳೆ. ಮೀನಾಕ್ಷಿ. ಹೊಡೆದಳು. ಸದ್ದಿಲ್ಲ. ಎರಡನೆಯದು. ಮೀನಾಕ್ಷಿ. ತನ್ನ ಹೆಸರು ತನಗೇ ಕೇಳಲಿಲ್ಲ. ಬೆನ್ನ ಹಿಂದೆ ಏನೋ ನಿಂತಿತು. ತಿರುಗಲಿಲ್ಲ. ಮೂರು. ಕುತ್ತಿಗೆಗೆ ತಣ್ಣಗಿನದೇನೋ ತಾಗಿತು. ನಾಲ್ಕು. ಹೆಬ್ಬೆರಳಿಗೆ ಪೆಟ್ಟು ಬಿತ್ತು. ನೋವಿಗೂ ದನಿ ಹೊರಡಲಿಲ್ಲ. ಹೊರಗೆ ಮಗುವಿನ ಕಣ್ಣು ಮೇಲೆ ಸರಿದವು. ಎದೆ ನಿಂತಿತು. ಒಂದು ಹಿಡಿ ಕೂದಲು ಕಿತ್ತಳು. ಸುತ್ತಿದಳು. ಕೈ ಜಾರಿತು. ಮತ್ತೆ ಸುತ್ತಿದಳು. ಐದು. ಮೀನಾಕ್ಷಿ. ಎತ್ತಿದಳು. ಹೊಡೆದಳು.

ಠಣ್.

ಆ ಸದ್ದು ಕಟ್ಟಡದ ತಳದವರೆಗೆ ಇಳಿಯಿತು. ಅದರ ಹಿಂದೆಯೇ ಮೇಲಿನ ಮನೆಯ ನಾಯಿ ಬೊಗಳಿತು. ಹಲಗೇರಿ ರಸ್ತೆಯ ಲಾರಿಯ ಹಾರ್ನ್ ಕೇಳಿತು. ಹೊರಗೆ ಮಗು ಕೆಮ್ಮಿತು, ಒದ್ದಾಡಿತು, ಗೆಜ್ಜೆ ಝಣಝಣ ಅಂದವು.

“ಮಮ್ಮಿ!”

ಮೀನಾಕ್ಷಿ ಅಳುತ್ತ ಎದ್ದು ಬಲಗಾಲನ್ನು ಹೊಸ್ತಿಲಾಚೆ ಇಟ್ಟಳು. ಗೆಜ್ಜೆ ನಿಂತವು. ಮಗುವಿನ ಬಾಯಿ ತೆರೆದೇ ಇತ್ತು, ಮಾತು ಅರ್ಧಕ್ಕೆ ಕಡಿದಿತ್ತು. ಬೆಚ್ಚಿ ಕಾಲನ್ನು ಒಳಗೆ ಎಳೆದುಕೊಂಡಳು. “ಮ್ಮೀ, ಬಾ,” ಎಂದಿತು ಮಗು.

ಇನ್ನೊಮ್ಮೆ ಇಟ್ಟಳು. ಮೌನ. ಎಳೆದುಕೊಂಡಳು. ಅಳುವಿನ ಸದ್ದು. ಮೂರನೆಯ ಸಲ ಹೆಬ್ಬೆರಳ ತುದಿಯಷ್ಟನ್ನೇ ಆಚೆಗೆ ಚಾಚಿದಳು. ಮೌನ. ಒಂದು ಪ್ರಯೋಗವನ್ನು ಮೂರು ಸಲ ಮಾಡಿ ಒಂದೇ ಉತ್ತರ ಬಂದರೆ ನಂಬಬೇಕು ಎಂದು ಮಕ್ಕಳಿಗೆ ಕಲಿಸುವವಳು ಅವಳೇ.

ಆಗ ಕುಪ್ಪೇಲೂರಿನ ಆ ಸವೆದ ಕಾಲುದಾರಿ ಕಣ್ಣ ಮುಂದೆ ಬಂತು. ನಲವತ್ತು ವರ್ಷ ಒಬ್ಬಳು ಹೆಂಗಸು ತನ್ನ ಮನೆಯ ಮುಂಬಾಗಿಲು ದಾಟಿರಲಿಲ್ಲ. ನೀರಿಗೆ, ಹೊಲಕ್ಕೆ, ಮಗಳ ಮದುವೆಯ ಚಪ್ಪರಕ್ಕೆ, ಎಲ್ಲಕ್ಕೂ ಹಿತ್ತಲಿನಿಂದ ಸುತ್ತಿ ಬಂದಿದ್ದಳು. ಅಡ್ಡೆಯಲ್ಲಿ ಅವಳು ಕೇಳಿದ್ದ ಪ್ರಶ್ನೆಗೆ ಮೀನಾಕ್ಷಿ ನಕ್ಕಿದ್ದಳು.

ಶನಿವಾರ ಮೆಹಬೂಬ ಬಂದ. ಮನೆಯ ನಾಲ್ಕೂ ಕಡೆ ಗೋಡೆಗೆ ಕಿವಿಯಿಟ್ಟು ಬಡಿದು ನೋಡಿದ. ಉಳಿಯ ತುದಿ ಮುರಿಯಿತು. ಒಂದು ಗೋಡೆ ಕೊರೆದರೂ ಒಂಬತ್ತು ಅಂತಸ್ತಿಗೆ ಅಪಾಯ ಎಂದು ಕಟ್ಟಡದವರು ಮೊದಲೇ ಕಾಗದ ಕೊಟ್ಟಿದ್ದರು. ಅವನು ಹೊಸ್ತಿಲ ಆಚೆಗೆ ಕುಕ್ಕರಿಸಿ ಕುಳಿತ.

“ಇದಕ್ಕ ಬಾಗಲಾ ಬಿಡಿಸಾಕ ಆಗಂಗಿಲ್ರಿ.”

“ಹೊಸ್ತಲಾನ ಎಬ್ಬಿಸಿದ್ರ? ಮೊಳಿ ಸಮೇತ ಹೊಳೀಗೆ ಒಯ್ದ್ರ?”

ಅವನು ತಲೆ ತಗ್ಗಿಸಿದ. ಕುಪ್ಪೇಲೂರಲ್ಲಿ ಹೊಸ್ತಿಲು ಎಬ್ಬಿಸಿದ ದಿನವೇ ಮುದುಕಿಯ ದನಿ ಒಡೆದದ್ದು, ನದಿಗೆ ಮುಟ್ಟಿಸಿಬಿಟ್ಟರೆ ಹೇಗೋ ಉಳಿದೇನು ಎಂದು ಅವಳು ಅಡ್ಡೆಗೆ ಅಲೆದದ್ದು, ಈಗ ಅವನಿಗೆ ತಿಳಿದಿತ್ತು.

“ಅಕಿ ಗುರುವಾರ ಸಂಜೀಕ ಹೋದ್ಲ್ರಿ. ಉಸುರಿನ ಸಪ್ಪಳ ಇಲ್ದಂಗ ಹೋದ್ಲಂತ. ಇದನ್ನ ಎಬ್ಬಿಸಿದ್ರ ಮೊಳಿ ಬಡಿದಾಕಿ ಉಳಿಯಂಗಿಲ್ಲ. ನನಗ ನಿಮಗ ಇಲ್ಲಾ ಅನ್ನಬೇಕಿತ್ರಿ ಮೇಡಂ. ಅನ್ನಲಿಲ್ಲ.”

ರವಿವಾರ ಲಾರಿ ಬಂತು. ಬಂದ ಹಾಗೆಯೇ ತಿರುಗಿ ಹೋಯಿತು. ಎದುರಿನ ಮನೆ ಖಾಲಿಯಿತ್ತು. ಪ್ರೇಮಕುಮಾರ ಅದನ್ನೇ ಬಾಡಿಗೆಗೆ ಹಿಡಿದ. ಮಗಳ ಮಂಚ, ಆಟಿಕೆ, ಪುಸ್ತಕ, ಬಟ್ಟೆ ಎಲ್ಲ ಆರು ಹೆಜ್ಜೆ ದಾಟಿ ಆಚೆ ಹೋದವು. ಮಗು ಹೊರಗೇ ಇರಬೇಕು ಎಂದಿದ್ದಳು ಮುದುಕಿ; ಹೊಸ್ತಿಲನ್ನು ಸನ್ನಿಧಿ ಎಂದೂ ದಾಟಬಾರದು, ದಾಟಿದವರು ಔಟು ಎಂದು ಆಟದ ಹಾಗೆ ಕಲಿಸಿದರು. ಅಪ್ಪ ಮಾತ್ರ ಎರಡೂ ಮನೆಗೆ ಓಡಾಡಿದ.

ಹಾಗೆಯೇ ಮಳೆಗಾಲ ಬಂತು. ಮೀನಾಕ್ಷಿ ಕಂಪ್ಯೂಟರಿನಲ್ಲಿ ಪಾಠ ಹೇಳುತ್ತಿದ್ದಳು. ಸಂಜೆಯಾದರೆ ಹೊಸ್ತಿಲ ಈಚೆಗೆ ಅವಳು, ಆಚೆಗೆ ಮಗಳು. ಬಾಲ್ಯದ ಮಾತೆಲ್ಲ ಅಲ್ಲಿಯೇ ನಡೆಯುತ್ತಿತ್ತು. ಶಾಲೆಯ ಸುದ್ದಿ, ಮಗ್ಗಿ, ಜಗಳ. ನಾಲ್ಕು ಬೆರಳು ಎತ್ತರದ ಆ ಮರದಾಚೆಗೆ ಜಡೆ ಹೆಣೆಯಲು ಕೈ ಚಾಚುವ ಧೈರ್ಯ ಅವಳಿಗೆ ಎಂದೂ ಬರಲಿಲ್ಲ. ಒಮ್ಮೊಮ್ಮೆ ಮರದ ಅಡಿಯಿಂದ, ಮಣ್ಣಿಲ್ಲದ ಕಡೆಯಿಂದ, ಉಗುರಿನಿಂದ ಕೆರೆದಂಥ ಸಣ್ಣ ಸದ್ದು ಬರುತ್ತಿತ್ತು. ಅವಳು ಜೋರಾಗಿ ಕತೆ ಹೇಳುತ್ತಿದ್ದಳು.

ಶ್ರಾವಣದ ಒಂದು ಸಂಜೆ ಪ್ರೇಮಕುಮಾರ ಇನ್ನೂ ಬಂದಿರಲಿಲ್ಲ. ಮಗಳು ಆಚೆಗೆ ಕುಳಿತು ಹೋಮ್‌ವರ್ಕ್ ಬರೆಯುತ್ತಿದ್ದಳು. ಮೀನಾಕ್ಷಿ ಒಲೆ ಆರಿಸಿ ಬರುತ್ತೇನೆ ಎಂದು ಅಡುಗೆಮನೆಗೆ ಹೋದಳು. ಆಗ ಕರೆಂಟು ಹೋಯಿತು.

ಕತ್ತಲೆಂದರೆ ಸನ್ನಿಧಿಗೆ ಹುಟ್ಟಿನಿಂದ ಭಯ. ಬ್ಯಾಡಗಿಯ ಮನೆಯಲ್ಲಿ ಕರೆಂಟು ಹೋದ ಕೂಡಲೇ ಎಲ್ಲಿದ್ದರೂ ಓಡಿಬಂದು ತಾಯಿಯ ಸೀರೆಯಲ್ಲಿ ಮುಖ ಹುದುಗಿಸುತ್ತಿದ್ದಳು.

“ಮಮ್ಮಿ?”

“ಅಲ್ಲೇ ಕುಂದ್ರು. ಬಂದೆ. ಅಲ್ಲೇ ಇರು ಸನ್ನಿಧಿ.”

ಪೆನ್ಸಿಲ್ ನೆಲಕ್ಕೆ ಬಿದ್ದು ಉರುಳಿತು. ಕತ್ತಲಲ್ಲಿ ಪುಟ್ಟ ಪಾದಗಳು ಓಡಿದವು. ಝಣ್, ಝಣ್, ಝಣ್.

ಹೊಸ್ತಿಲಿನಿಂದ ಈಚೆಗೆ ಗೆಜ್ಜೆ ಕೇಳಲಿಲ್ಲ.

ಎರಡು ತಣ್ಣಗಿನ ಪುಟ್ಟ ಕೈಗಳು ಅವಳ ಸೀರೆಯನ್ನು ಹಿಡಿದುಕೊಂಡವು.